ಸೆಲ್ಲು ಸತ್ತ ಕೀಲಿಕೈ ಕಾರನ್ನು ಎಬ್ಬಿಸುವುದು ಹೇಗೆ?

ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ ಮಳೆಗಾಲದ ಸಂಜೆ ಬಹಳ ಬೇಗ ಕತ್ತಲಾಗುತ್ತದೆ. ಕಳೆದ ಶ್ರಾವಣದ ಅಂಥ ಒಂದು ಸಂಜೆ ನಾನು, ನನ್ನ ಸಹೋದ್ಯೋಗಿಗಳಾದ ಕನ್ನಡ ಅಧ್ಯಾಪಕರೊಬ್ಬರು ಮತ್ತು ಅವರ ವೃದ್ಧ ತಾಯಿ ಅಲ್ಲಿ ಚಹ ಕುಡಿಯಲೆಂದು ಕಾರಿನಿಂದ ಇಳಿದಿದ್ದೆವು. ಮರುದಿನ ಬೆಳಗ್ಗೆ ಏಳು ಗಂಟೆಗೆ ಆ ತಾಯಿಗೆ ಮಂಗಳೂರಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಚಹ ಮುಗಿಸಿ ಹಿಂದಿರುಗಿದರೆ ಕಾರಿನ ಬಾಗಿಲು ತೆರೆಯಲೊಲ್ಲದು. ಅದು ಬೀಗದ ಕೈಯನ್ನು ತಿರುಗಿಸುವ ಶ್ರಮವೂ ಬೇಡವಾದ ಹೊಸ ಬಗೆಯ ಕಾರು. ಕೀಲಿಕೈ ಜೇಬಿನಲ್ಲಿದ್ದರೆ ಸಾಕು. ಬಾಗಿಲ ಹಿಡಿಯ ಮೇಲಿನ ಗುಂಡಿಯನ್ನು ಮುಟ್ಟಿದೊಡನೆ ಬೀಗ ತೆರೆಯುತ್ತದೆ, ಒಳಗೆ ಕುಳಿತು ಮತ್ತೊಂದು ಗುಂಡಿಯನ್ನು ಒತ್ತಿದೊಡನೆ ಎಂಜಿನ್ ಚಾಲೂ ಆಗುತ್ತದೆ. ಆ ದಿನ ಹಿಡಿಯನ್ನು ಮುಟ್ಟಿದರೂ ಫಲವಿಲ್ಲ, ಕೀಲಿಕೈಯ ಗುಂಡಿಯನ್ನು ಹತ್ತಾರು ಬಾರಿ ಅದುಮಿದರೂ ಫಲವಿಲ್ಲ. ಮಳೆ ಸುರಿಯುತ್ತಲೇ ಇತ್ತು.

“ನೀವು ಫಿಸಿಕ್ಸಿನವರಲ್ಲವೋ, ಏನಾದರೂ ಮಾಡಿ ಮಾರಾಯ್ರೆ” ಎಂದರು ಸಹೋದ್ಯೋಗಿಗಳು. ವರ್ಷ ವರ್ಷವೂ ತರಗತಿಯಲ್ಲಿ ಫ್ಯಾರಡೆಯ ನಿಯಮವನ್ನು ಪಾಠ ಹೇಳುವ ನನಗೆ ಆ ಕ್ಷಣದಲ್ಲಿ ಹೊಳೆದದ್ದು ಒಂದೇ: ಹಿಂದಿನ ಕಿಟಕಿಯ ಗಾಜನ್ನು ಒಡೆಯುವುದು. ಹದವಾದ ಕಲ್ಲೊಂದನ್ನು ಆರಿಸಿಕೊಳ್ಳುವಷ್ಟರಲ್ಲಿ, ಪಕ್ಕದಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ತರುಣನೊಬ್ಬ “ಒಡೀಬೇಡಿ ಸಾರ್, ಕೀ ಕೊಡಿ ಇಲ್ಲಿ” ಎಂದು ಕೈ ನೀಡಿದ. ಕೀಲಿಕೈಯ ಮಗ್ಗುಲಲ್ಲಿದ್ದ ಸಣ್ಣದೊಂದು ಚಿಲಕವನ್ನು ಸರಿಸಿ, ಅದರ ಹೊಟ್ಟೆಯೊಳಗಿಂದ ಲೋಹದ ಪುಟ್ಟ ಬೀಗದ ಕೈಯೊಂದನ್ನು ಎಳೆದು ತೆಗೆದ. ಚಾಲಕನ ಬಾಗಿಲ ಹಿಡಿಯ ಬಳಿ ಮುಚ್ಚಳದಡಿಯಲ್ಲಿ ಅಡಗಿದ್ದ ಕಂಡಿಗೆ ಅದನ್ನು ತೂರಿಸಿ ತಿರುಗಿಸಿದ. ಬಾಗಿಲು ತೆರೆಯಿತು; ಕೂಡಲೇ ಕಾರು ಕಳ್ಳನನ್ನು ಕಂಡಂತೆ ಅರಚತೊಡಗಿತು. ಅವನು ಗಾಬರಿಗೊಳ್ಳದೆ ಒಳಗೆ ಕುಳಿತು, ಕ್ಲಚ್ಚನ್ನು ತುಳಿದು, ಎಂಜಿನ್ನಿನ ಗುಂಡಿಯನ್ನು ಬೆರಳಿನಿಂದಲ್ಲ, ಆ ನಿರ್ಜೀವ ಕೀಲಿಕೈಯಿಂದಲೇ ಒತ್ತಿದ. ಅರಚಾಟ ನಿಂತಿತು. ಎಂಜಿನ್ ಚಾಲೂ ಆಯಿತು.

ಘಾಟಿಯ ತಿರುವುಗಳನ್ನು ಇಳಿಯುವಾಗ ಸಹೋದ್ಯೋಗಿಗಳು ಕೇಳಿದರು: “ಸೆಲ್ಲು ಸತ್ತಿದೆ ಎಂದಿರಲ್ಲ. ಹಾಗಾದರೆ ಕಾರಿಗೆ ಉತ್ತರ ಕೊಟ್ಟವರು ಯಾರು?” ಪ್ರಶ್ನೆ ನ್ಯಾಯವಾದದ್ದು. ಬೆಳ್ತಂಗಡಿ ದಾಟುವವರೆಗೆ ನಾನು ಅದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಮೊದಲು, ಸೆಲ್ಲು ಚೆನ್ನಾಗಿರುವಾಗ ನಡೆಯುವುದೇನು ಎಂಬುದನ್ನು ನೋಡೋಣ. ಕಾರಿಗೂ ಕೀಲಿಕೈಗೂ ನಡುವೆ ಒಂದು ಸಂಭಾಷಣೆ ನಡೆಯುತ್ತದೆ. ಆದರೆ ಇಬ್ಬರ ಧ್ವನಿಯೂ ಒಂದೇ ಬಗೆಯದಲ್ಲ. ನಾವು ಹಿಡಿಯನ್ನು ಮುಟ್ಟಿದೊಡನೆ ಬಾಗಿಲೊಳಗೆ ಅಡಗಿರುವ ತಂತಿಯ ಸುರುಳಿಯಲ್ಲಿ ಸೆಕೆಂಡಿಗೆ ಸುಮಾರು ೨,೫೦,೦೦೦ ಬಾರಿ ದಿಕ್ಕು ಬದಲಿಸುವ ವಿದ್ಯುತ್ಪ್ರವಾಹ ಹರಿಯುತ್ತದೆ. ಇದರ ಆವೃತ್ತಿ ೧೨೫ ಕಿಲೋಹರ್ಟ್ಸ್. ಈ ಪ್ರವಾಹದಿಂದ ಹುಟ್ಟುವ ಕಾಂತಕ್ಷೇತ್ರದ ಏರಿಳಿತಗಳಲ್ಲಿ “ಇಲ್ಲಿ ನನ್ನವರು ಯಾರಾದರೂ ಇರುವಿರಾ?” ಎಂಬ ಪ್ರಶ್ನೆ ಸಂಕೇತರೂಪದಲ್ಲಿ ಅಡಗಿರುತ್ತದೆ. ಜೇಬಿನಲ್ಲಿರುವ ಕೀಲಿಕೈ ಇದನ್ನು ಗ್ರಹಿಸಿ, ಬೇರೆಯದೇ ಆದ ಧ್ವನಿಯಲ್ಲಿ, ಎಂದರೆ ೪೩೩.೯೨ ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೋ ಅಲೆಗಳ ಮೂಲಕ, ಉತ್ತರ ಕೊಡುತ್ತದೆ. ನಮ್ಮ ದೇಶದಲ್ಲಿಯೂ ಯೂರೋಪಿನಲ್ಲಿಯೂ ಅನೇಕ ಕಾರುಗಳ ಕೀಲಿಕೈಗಳು ನುಡಿಯುವುದು ಈ ಆವೃತ್ತಿಯಲ್ಲಿ. ಅಮೆರಿಕ, ಜಪಾನುಗಳಲ್ಲಿ ೩೧೫ ಮೆಗಾಹರ್ಟ್ಸ್ ಹೆಚ್ಚು ಬಳಕೆಯಲ್ಲಿದೆ.

ಪ್ರಶ್ನೆಗೊಂದು ಆವೃತ್ತಿ, ಉತ್ತರಕ್ಕೊಂದು ಆವೃತ್ತಿ ಏಕೆ? ೧೨೫ ಕಿಲೋಹರ್ಟ್ಸ್ ಅಲೆಯ ಉದ್ದ ೨,೪೦೦ ಮೀಟರು. ಒಂದು ಮಾರು ದೂರದಲ್ಲಿ ನಿಂತಿರುವ ನಮಗೆ ಅದು ಅಲೆಯೇ ಅಲ್ಲ. ದಂಡಕಾಂತವೊಂದರ ಸುತ್ತಲಿರುವಂಥ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕಾಂತಕ್ಷೇತ್ರ ಮಾತ್ರ. ಇಂಥ ಕ್ಷೇತ್ರದ ಬಲ ದೂರದ ಘನಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಇಮ್ಮಡಿಸಿದರೆ ಬಲ ಎಂಟನೆಯ ಒಂದು ಪಾಲು. ಹತ್ತು ಮಡಿಯಾದರೆ ಸಾವಿರದ ಒಂದು ಪಾಲು. ಮೇಲ್ನೋಟಕ್ಕೆ ಇದು ದೋಷವೆನ್ನಿಸುತ್ತದೆ. ಕಾರಿನ ವಿನ್ಯಾಸಕರಿಗೆ ಮಾತ್ರ ಇದೇ ಬೇಕಾದ ಗುಣ. ಕೀಲಿಕೈ ಎರಡು ಹೆಜ್ಜೆ ದೂರ ಹೋದರೆ ಪ್ರಶ್ನೆ ಕೇಳಿಸಬಾರದು. ಅದು ಕಾರಿನ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಕೂಡ ಬೇರೆ ಬೇರೆ ಸುರುಳಿಗಳ ಕ್ಷೇತ್ರ ಅದಕ್ಕೆ ಎಷ್ಟು ಪ್ರಬಲವಾಗಿ ತಲುಪಿತು ಎಂಬುದರಿಂದಲೇ ಕಾರು ನಿರ್ಧರಿಸುತ್ತದೆ. ಉತ್ತರದ ಅಲೆಯಾದರೋ ಕೇವಲ ೬೯ ಸೆಂಟಿಮೀಟರು ಉದ್ದದ್ದು. ಅದನ್ನು ಪುಟ್ಟ ಕೀಲಿಕೈಯೂ ಸುಲಭವಾಗಿ ಪ್ರಸಾರ ಮಾಡಬಲ್ಲದು.

ಹೀಗೆ ಕೇಳುವುದಕ್ಕೂ ಹೇಳುವುದಕ್ಕೂ ಕೀಲಿಕೈಗೆ ಶಕ್ತಿ ಒದಗಿಸುವುದು ನಾಣ್ಯದಾಕಾರದ ಲಿಥಿಯಂ ಕೋಶ. ಬಹುಪಾಲು ಕೀಲಿಕೈಗಳಲ್ಲಿರುವುದು ಸಿಆರ್ ೨೦೩೨ ಎಂಬ ಜಾತಿಯದು. ಈ ಹೆಸರು ಅರ್ಥವಿಲ್ಲದ್ದಲ್ಲ: ಮೊದಲ ಅಕ್ಷರ ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಜೋಡಿಯನ್ನೂ, ಎರಡನೆಯದು ದುಂಡಾದ ಆಕಾರವನ್ನೂ ಸೂಚಿಸುತ್ತವೆ, ವ್ಯಾಸ ೨೦ ಮಿಲಿಮೀಟರು, ದಪ್ಪ ೩.೨ ಮಿಲಿಮೀಟರು. ಒತ್ತಡ ೩ ವೋಲ್ಟು.

ಮನೆಗೆ ಹಿಂದಿರುಗಿದ ಮೇಲೆ ಆ ‘ಸತ್ತ’ ಕೋಶವನ್ನು ಸಹೋದ್ಯೋಗಿಗಳಿಂದ ಕೇಳಿ ಪಡೆದು ಪ್ರಯೋಗಾಲಯದಲ್ಲಿ ವೋಲ್ಟ್‌ಮೀಟರಿಗೆ ಜೋಡಿಸಿದೆ. ಮೀಟರು ತೋರಿಸಿದ್ದು ೨.೮ ವೋಲ್ಟು! ಸತ್ತದ್ದೆಂದು ಯಾರು ಹೇಳಿಯಾರು? ಅನಂತರ ಅದರ ಎರಡು ಧ್ರುವಗಳ ನಡುವೆ ೧೦೦ ಓಮಿನ ರೋಧವೊಂದನ್ನು ಸೇರಿಸಿದೆ. ಮೀಟರಿನ ಅಂಕೆ ೧.೧ ವೋಲ್ಟಿಗೆ ಕುಸಿಯಿತು. ಓಮನ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಹರಿದ ಪ್ರವಾಹ ೧೧ ಮಿಲಿಆಂಪಿಯರ್, ಕೋಶದ ಒಳಗೇ ನಷ್ಟವಾದದ್ದು ೧.೭ ವೋಲ್ಟು, ಆದ್ದರಿಂದ ಆಂತರಿಕ ರೋಧ ಸುಮಾರು ೧೫೫ ಓಮ್. ಹೊಸ ಕೋಶದಲ್ಲಿ ಇದು ಹತ್ತಿಪ್ಪತ್ತು ಓಮುಗಳಷ್ಟು ಮಾತ್ರ.

ಕೀಲಿಕೈಯ ರೋಗವೇನೆಂಬುದು ಈ ಒಂದು ಸಂಖ್ಯೆಯಿಂದ ಸ್ಪಷ್ಟವಾಗುತ್ತದೆ. ಕಾರಿನ ಪ್ರಶ್ನೆಗಾಗಿ ಕಿವಿಗೊಟ್ಟು ಕಾಯಲು ಕೀಲಿಕೈಗೆ ಬೇಕಾಗುವುದು ಕೆಲವೇ ಮೈಕ್ರೋಆಂಪಿಯರ್. ಅಷ್ಟಕ್ಕೆ ೧೫೫ ಓಮಿನಲ್ಲಿ ಆಗುವ ನಷ್ಟ ಗಣನೆಗೆ ಬಾರದು. ಉತ್ತರವನ್ನು ರೇಡಿಯೋ ಅಲೆಯಾಗಿ ಕಳುಹಿಸುವಾಗ ಮಾತ್ರ, ಕ್ಷಣಮಾತ್ರವಾದರೂ, ಹತ್ತು ಹದಿನೈದು ಮಿಲಿಆಂಪಿಯರ್ ಬೇಕು. ಆಗ ಒತ್ತಡ ಥಟ್ಟನೆ ಕುಸಿದು ಒಳಗಿನ ಸಲಕರಣೆ ಸ್ತಬ್ಧವಾಗುತ್ತದೆ. ಕಿವಿ ಕೇಳುತ್ತದೆ, ಗಂಟಲು ಕಟ್ಟಿದೆ. ಚಳಿಯಲ್ಲಿ ಆಂತರಿಕ ರೋಧ ಇನ್ನೂ ಹೆಚ್ಚುವುದರಿಂದ, ಮಧ್ಯಾಹ್ನ ಸರಿಯಾಗಿದ್ದ ಕೀಲಿಕೈ ಘಾಟಿಯ ತಣ್ಣನೆಯ ಸಂಜೆಯಲ್ಲಿ ಕೈಕೊಡುವುದುಂಟು. ಕೋಶವನ್ನು ಬರಿಯ ವೋಲ್ಟ್‌ಮೀಟರಿನಿಂದ ಪರೀಕ್ಷಿಸಿ “ಚೆನ್ನಾಗಿದೆ” ಎಂದು ತೀರ್ಮಾನಿಸುವವರು ಮೋಸಹೋಗುವುದು ಇಲ್ಲಿಯೇ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ೧೮೩೧ರ ಆಗಸ್ಟಿನಲ್ಲಿ ಮೈಕೇಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೆದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಯ ಸುರುಳಿಗಳನ್ನು ಬೇರೆಬೇರೆಯಾಗಿ ಸುತ್ತಿ, ಒಂದರಲ್ಲಿ ಪ್ರವಾಹವನ್ನು ಹರಿಯಿಸಿದಾಗಲೂ ನಿಲ್ಲಿಸಿದಾಗಲೂ ಮತ್ತೊಂದರಲ್ಲಿ ಕ್ಷಣಿಕವಾದ ಪ್ರವಾಹ ಹುಟ್ಟುವುದನ್ನು ಕಂಡನು. ಎರಡರ ನಡುವೆ ತಂತಿಯ ಸಂಬಂಧ ಇರಲಿಲ್ಲ. ಇದ್ದದ್ದು ಬದಲಾಗುವ ಕಾಂತಕ್ಷೇತ್ರ ಮಾತ್ರ. ನಮ್ಮ ಬೀದಿಗಳ ಟ್ರಾನ್ಸ್‌ಫಾರ್ಮರುಗಳೆಲ್ಲ ಈ ಬಳೆಯ ಸಂತಾನ. ಎಂಜಿನ್ನಿನ ಗುಂಡಿ ಮತ್ತು ಕೀಲಿಕೈಗಳ ಸಂಬಂಧವೂ ಇದೇ. ಅನೇಕ ಕಾರುಗಳಲ್ಲಿ ಗುಂಡಿಯ ಸುತ್ತ ತಂತಿಯ ಸುರುಳಿಯೊಂದಿದೆ, ಕೀಲಿಕೈಯೊಳಗೆ ಮತ್ತೊಂದಿದೆ. ಇವೆರಡನ್ನೂ ಹತ್ತಿರ ತಂದರೆ ಅದೊಂದು ಕಬ್ಬಿಣವಿಲ್ಲದ ಸಡಿಲ ಟ್ರಾನ್ಸ್‌ಫಾರ್ಮರ್.

ಹತ್ತಿರ ಎಂದರೆ ಎಷ್ಟು ಹತ್ತಿರ? ಗುಂಡಿಯ ಸುರುಳಿಯ ತ್ರಿಜ್ಯ ಒಂದೂವರೆ ಸೆಂಟಿಮೀಟರು ಎಂದಿಟ್ಟುಕೊಂಡು, ಅದರ ಅಕ್ಷದ ಮೇಲಿನ ಕಾಂತಕ್ಷೇತ್ರವನ್ನು ಪಠ್ಯಪುಸ್ತಕದ ಸೂತ್ರದಿಂದಲೇ ಗುಣಿಸಿ ನೋಡಿದೆ. ಒಂದು ಸೆಂಟಿಮೀಟರು ದೂರದಲ್ಲಿರುವ ಬಲಕ್ಕೆ ಹೋಲಿಸಿದರೆ ಹತ್ತು ಸೆಂಟಿಮೀಟರು ದೂರದಲ್ಲಿ ಅದು ಸುಮಾರು ೧೭೬ನೆಯ ಒಂದು ಪಾಲಾಗುತ್ತದೆ. ಚಾಲಕನ ಷರಟಿನ ಜೇಬು ಇರುವ ಅರುವತ್ತು ಸೆಂಟಿಮೀಟರಿನಲ್ಲಿ ೩೬,೦೦೦ದ ಒಂದು ಪಾಲಿಗೂ ಕಡಿಮೆ. ಜೀಪಿನ ತರುಣ ಕೀಲಿಕೈಯನ್ನು ಗುಂಡಿಗೇ ಒತ್ತಿ ಹಿಡಿದದ್ದಕ್ಕೆ ಕಾರಣ ಇದು. ಜೇಬಿನಲ್ಲಿದ್ದ ಕೀಲಿಕೈಗೆ ತಲುಪುವ ಕ್ಷೇತ್ರ ಸಂಕೇತವನ್ನು ಒಯ್ಯಬಲ್ಲದು, ಶಕ್ತಿಯನ್ನು ಒಯ್ಯಲಾರದು. ಗುಂಡಿಗೆ ತಾಗಿದ್ದಾಗ ಶಕ್ತಿಯನ್ನೂ ಒಯ್ಯಬಲ್ಲದು.

ಆದರೂ ಆ ಶಕ್ತಿ ಅತ್ಯಲ್ಪ. ಅದನ್ನು ಹಿಡಿದಿಡಲು ಅನುರಣನೆಯ ನೆರವು ಬೇಕು. ಉಯ್ಯಾಲೆಯನ್ನು ಅದರದೇ ಲಯಕ್ಕೆ ಸರಿಯಾಗಿ ಮಗುವೊಂದು ಮೆಲ್ಲಗೆ ತಳ್ಳುತ್ತ ಹೋದರೂ ಅದು ಎತ್ತರಕ್ಕೆ ಏರುತ್ತದಷ್ಟೆ. ಹಾಗೆಯೇ ಕೀಲಿಕೈಯ ಸುರುಳಿಗೆ ತಕ್ಕ ಧಾರಕವೊಂದನ್ನು ಜೋಡಿಸಿ ಇಡಿಯ ಮಂಡಲವನ್ನು ೧೨೫ ಕಿಲೋಹರ್ಟ್ಸಿಗೆ ಶ್ರುತಿಮಾಡಿರುತ್ತಾರೆ. ಉದಾಹರಣೆಗೆ, ೭.೨ ಮಿಲಿಹೆನ್ರಿಯ ಸುರುಳಿಗೆ ಸುಮಾರು ೨೨೫ ಪಿಕೋಫ್ಯಾರಡ್ ಧಾರಕ ಬೇಕಾಗುತ್ತದೆ. ಹೀಗೆ ಶ್ರುತಿಗೊಂಡ ಸುರುಳಿಯಲ್ಲಿ ಪ್ರೇರಿತವಾದ ಒತ್ತಡ ತಳ್ಳು ತಳ್ಳಿಗೂ ಬೆಳೆದು, ಡಯೋಡುಗಳ ಮೂಲಕ ಏಕಮುಖವಾಗಿ, ಇನ್ನೊಂದು ಪುಟ್ಟ ಧಾರಕದಲ್ಲಿ ಶೇಖರವಾಗುತ್ತದೆ. ಕೀಲಿಕೈಯಲ್ಲಿರುವ ಸಾಸಿವೆಗಾತ್ರದ ಸಿಲಿಕಾನ್ ತುಣುಕು ಎಚ್ಚರಗೊಳ್ಳಲು ಅಷ್ಟು ಸಾಕು. ಕೋಶದ ಹಂಗು ಅದಕ್ಕಿಲ್ಲ. ಕೋಶವನ್ನು ತೆಗೆದು ಹೊರಗೆ ಎಸೆದಿದ್ದರೂ ಅದು ಎಚ್ಚರಗೊಳ್ಳುತ್ತದೆ.

ಎಚ್ಚತ್ತ ತುಣುಕು ಉತ್ತರ ಹೇಳುವ ರೀತಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ರೇಡಿಯೋ ಅಲೆಯನ್ನು ಹೊರಡಿಸುವ ತ್ರಾಣ ಅದಕ್ಕಿಲ್ಲ. ಆದರೆ ಟ್ರಾನ್ಸ್‌ಫಾರ್ಮರಿನ ದ್ವಿತೀಯಕ ಸುರುಳಿಗೆ ಭಾರ ಹೇರಿದರೆ ಪ್ರಾಥಮಿಕ ಸುರುಳಿಗೆ ಅದು ಕೂಡಲೇ ತಿಳಿಯುತ್ತದೆ ಎಂಬುದನ್ನು ಬಲ್ಲೆವಷ್ಟೆ. ತುಣುಕು ತನ್ನ ಸುರುಳಿಗೆ ರೋಧವೊಂದನ್ನು ಒಮ್ಮೆ ಸೇರಿಸುತ್ತದೆ, ಒಮ್ಮೆ ಬಿಡಿಸುತ್ತದೆ. ಗುಂಡಿಯ ಸುರುಳಿಯಲ್ಲಿ ಇದು ಒತ್ತಡದ ಸೂಕ್ಷ್ಮ ಏರಿಳಿತವಾಗಿ ಕಾಣುತ್ತದೆ. ಭಾವಿಯಿಂದ ನೀರು ಸೇದುವವನ ಹಗ್ಗವನ್ನು ಒಳಗಿರುವವನು ಜಗ್ಗಿ ಜಗ್ಗಿ ಸನ್ನೆ ಮಾಡಿದಂತೆ. ಹಗ್ಗವೂ ಮೇಲಿನವನದು, ಬಲವೂ ಮೇಲಿನವನದು, ಸನ್ನೆ ಮಾತ್ರ ಕೆಳಗಿನವನದು.

ಈ ತತ್ತ್ವ ನಮಗೆ ಹೊಸತೇನಲ್ಲ. ೨೦೧೧ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ‘ನಮ್ಮ ಮೆಟ್ರೋ’ ಓಡಾಟ ಆರಂಭವಾದಂದಿನಿಂದ ಪ್ರಯಾಣಿಕರು ದ್ವಾರಕ್ಕೆ ತಾಗಿಸುತ್ತಿರುವ ಕಾರ್ಡಿನಲ್ಲಿಯೂ ಕೋಶವಿಲ್ಲ. ಅದು ನಡೆಯುವುದೂ ಇದೇ ಪ್ರೇರಣೆಯಿಂದ, ಆವೃತ್ತಿ ಮಾತ್ರ ೧೩.೫೬ ಮೆಗಾಹರ್ಟ್ಸ್. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗಿಗೂ ಕೋಶವಿಲ್ಲ; ಆದರೆ ಅದು ಕೆಲವು ಮೀಟರುಗಳ ದೂರದಿಂದ ಬರುವ ನಿಜವಾದ ರೇಡಿಯೋ ಅಲೆಗಳಿಂದ ಎಚ್ಚರಗೊಂಡು ಅವನ್ನೇ ಪ್ರತಿಫಲಿಸಿ ಮಾತನಾಡುವುದರಿಂದ ಬೇರೆಯ ಜಾತಿಗೆ ಸೇರಿದ್ದು. ಈ ಎರಡನೆಯ ಜಾತಿಯ ಪೂರ್ವಜವೊಂದು ಇತಿಹಾಸದಲ್ಲಿ ಕುಖ್ಯಾತವಾಗಿದೆ. ೧೯೪೫ರಲ್ಲಿ ಸೋವಿಯತ್ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಹ್ಯಾರಿಮನ್ನರಿಗೆ ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಲಿಯಾನ್ ಥೆರೆಮಿನ್ ಎಂಬ ವಿಜ್ಞಾನಿ ರಚಿಸಿದ ಗುಪ್ತಶ್ರವಣ ಸಾಧನ ಅದರ ಒಳಗಿತ್ತು. ಅದರಲ್ಲಿ ಕೋಶವಾಗಲಿ ತಂತಿಯಾಗಲಿ ಇರಲಿಲ್ಲವಾದ್ದರಿಂದ, ಹೊರಗಿನಿಂದ ರೇಡಿಯೋ ಅಲೆಯನ್ನು ಹಾಯಿಸಿದಾಗ ಮಾತ್ರ ಅದು ಜೀವತಳೆಯುತ್ತಿತ್ತು. ೧೯೫೨ರವರೆಗೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಕೋಶವಿಲ್ಲದೆ ಉತ್ತರ ಹೇಳಬಲ್ಲ ಈ ತುಣುಕು, ಗುಂಡಿಯೊತ್ತುವ ಕಾರುಗಳಿಗಿಂತ ಹಳೆಯದು. ತಿರುಗಿಸುವ ಬೀಗದ ಕೈಗಳ ಕಾಲದಲ್ಲಿಯೇ, ನಕಲಿ ಬೀಗದ ಕೈಯಿಂದ ಎಂಜಿನ್ ಚಾಲೂ ಆಗದಂತೆ ತಡೆಯಲು ಅದನ್ನು ಬೀಗದ ಕೈಯ ಪ್ಲಾಸ್ಟಿಕ್ ತಲೆಯಲ್ಲಿ ಹುದುಗಿಸುತ್ತಿದ್ದರು. ಬ್ರಿಟನ್ನಿನಲ್ಲಿ ೧೯೯೮ರ ಅಕ್ಟೋಬರಿನಿಂದ ಹೊಸ ಕಾರುಗಳಿಗೆ ಇಂಥ ತಡೆಯನ್ನು ಕಡ್ಡಾಯ ಮಾಡಲಾಯಿತು. ಉತ್ತರವೆಂದರೆ ಬರಿಯ ಗುಪ್ತಸಂಖ್ಯೆಯನ್ನು ಒಪ್ಪಿಸುವುದಲ್ಲ. ಹಾಗಿದ್ದರೆ ಒಮ್ಮೆ ಕದ್ದು ಕೇಳಿದವನು ಮತ್ತೆ ಅದನ್ನೇ ಹೇಳಿ ಕಾರನ್ನು ಒಯ್ಯುತ್ತಿದ್ದನು. ಕಾರು ಪ್ರತಿಬಾರಿಯೂ ಹೊಸದೊಂದು ಸಂಖ್ಯೆಯನ್ನು ಮನಬಂದಂತೆ ಆರಿಸಿ ಒಡ್ಡುತ್ತದೆ. ಕೀಲಿಕೈ ಅದನ್ನು ತನ್ನ ಗುಪ್ತಸಂಖ್ಯೆಯೊಡನೆ ಕಲಸಿ ಗಣಿತದ ಫಲವೊಂದನ್ನು ಒಪ್ಪಿಸುತ್ತದೆ. ಕಾರೂ ಅದೇ ಗಣಿತವನ್ನು ಮಾಡಿ ತಾಳೆ ನೋಡುತ್ತದೆ. ಗುಪ್ತಸಂಖ್ಯೆ ಎಂದೂ ಗಾಳಿಗೆ ಬೀಳುವುದಿಲ್ಲ. ಅದು ಸಾಕಷ್ಟು ಉದ್ದವಾಗಿರಬೇಕು ಅಷ್ಟೆ. ಹಿಂದೆ ಬಹಳ ಬಳಕೆಯಲ್ಲಿದ್ದ ಒಂದು ಜಾತಿಯಲ್ಲಿ ಇದು ದ್ವಿಮಾನ ಪದ್ಧತಿಯ ೪೦ ಅಂಕಿಗಳಷ್ಟಿತ್ತು, ಎಂದರೆ ಸುಮಾರು ೧.೧ ಲಕ್ಷ ಕೋಟಿ ಸಾಧ್ಯತೆಗಳು. ನಮಗೆ ಅದು ಅಪಾರವೆನ್ನಿಸಿದರೂ ಗಣಕಯಂತ್ರಕ್ಕೆ ಹಾಗಲ್ಲ. ೨೦೦೫ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮತ್ತು ಆರ್‌ಎಸ್‌ಎ ಪ್ರಯೋಗಶಾಲೆಯ ಸಂಶೋಧಕರು ಅದನ್ನು ಭೇದಿಸಿ ತೋರಿಸಿದರು.

ಇಲ್ಲೊಂದು ವಿಪರ್ಯಾಸವನ್ನು ಹೇಳದಿರಲಾರೆ. ಸೆಲ್ಲು ಸತ್ತ ಕೀಲಿಕೈ ಒಡೆಯನನ್ನು ಕಾಡುತ್ತದೆ. ಸೆಲ್ಲು ಬದುಕಿರುವ ಕೀಲಿಕೈ ಕಳ್ಳನಿಗೆ ನೆರವಾಗಬಲ್ಲದು. ಕಾರಿನ ಪ್ರಶ್ನೆ ಎರಡು ಹೆಜ್ಜೆಯಾಚೆ ಕೇಳಿಸದು ಎಂದೆನಷ್ಟೆ. ಆದರೆ ಒಬ್ಬನು ಕಾರಿನ ಬಳಿ ನಿಂತು ಆ ಪ್ರಶ್ನೆಯನ್ನು ಹಿಡಿದು ಇನ್ನೊಬ್ಬನಿಗೆ ರವಾನಿಸಿ, ಅವನು ಮನೆಯ ಬಾಗಿಲ ಹೊರಗೆ ನಿಂತು ಒಳಗಿನ ಮೊಳೆಗೆ ತೂಗುಹಾಕಿರುವ ಕೀಲಿಕೈಗೆ ಅದನ್ನು ಕೇಳಿಸಿದರೆ? ಕೀಲಿಕೈ ಪ್ರಾಮಾಣಿಕವಾಗಿ ಉತ್ತರಿಸುತ್ತದೆ, ಕಾರು ಪ್ರಾಮಾಣಿಕವಾಗಿ ತೆರೆಯುತ್ತದೆ. ೨೦೧೧ರಲ್ಲಿ ಜ್ಯೂರಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ತಯಾರಕರ ಹತ್ತು ಮಾದರಿಯ ಕಾರುಗಳನ್ನು ಹೀಗೆ ಪರೀಕ್ಷಿಸಿ, ಹತ್ತನ್ನೂ ತೆರೆದು ಚಾಲೂ ಮಾಡಿದರು. ಗುಪ್ತಸಂಖ್ಯೆ ಎಷ್ಟೇ ಉದ್ದವಾಗಿದ್ದರೂ ಇಲ್ಲಿ ಪ್ರಯೋಜನವಿಲ್ಲ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ೩೦ ಸೆಂಟಿಮೀಟರು ಮಾತ್ರ ಚಲಿಸುತ್ತದೆಯಾದ್ದರಿಂದ, ಉತ್ತರ ಬರಲು ಹಿಡಿದ ಕಾಲವನ್ನೇ ಅಳೆದು ಕೀಲಿಕೈಯ ನಿಜವಾದ ದೂರವನ್ನು ಕಂಡುಹಿಡಿಯುವ ಏರ್ಪಾಡು ಈಗಿನ ಕೆಲವು ಕಾರುಗಳಲ್ಲಿದೆ. ಉಳಿದವರು ರಾತ್ರಿ ಕೀಲಿಕೈಯನ್ನು ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿಡುವುದು ಒಳಿತು. ಡಬ್ಬಿಯನ್ನು ಕಾರಿನ ಪಕ್ಕಕ್ಕೇ ಒಯ್ದು, ಬಾಗಿಲು ತೆರೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಾರಿನ ತೀರ ಸಮೀಪದಲ್ಲಿ ತೂಗುಹಾಕಿದ ಕೀಲಿಕೈ ಪದೇ ಪದೇ ಎಚ್ಚರಗೊಂಡು ಕೋಶವನ್ನು ಬೇಗ ಬರಿದುಮಾಡಿಕೊಳ್ಳಲೂಬಹುದು.

ಕೊಟ್ಟಿಗೆಹಾರದಲ್ಲಿ ನಾವು ಸಿಕ್ಕಿಕೊಂಡಂತೆ ಯಾರಾದರೂ ಸಿಕ್ಕಿಕೊಂಡರೆ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಲೋಹದ ಬೀಗದ ಕೈಯಿಂದ ಬಾಗಿಲು ತೆರೆದಾಗ ಒಳಗಿನ ದೀಪ ಹೊತ್ತಿಕೊಂಡರೆ, ಅಥವಾ ಕಾರು ಅರಚಿಕೊಂಡರೆ, ಸಂತೋಷಪಡಬೇಕು. ಕಾರಿನ ೧೨ ವೋಲ್ಟಿನ ಬ್ಯಾಟರಿ ಬದುಕಿದೆ ಎಂದಾಯಿತು. ಅದೇ ಸತ್ತಿದ್ದರೆ ಕೀಲಿಕೈಯನ್ನು ಎಲ್ಲಿ ಹಿಡಿದರೂ ವ್ಯರ್ಥ. ಸುರುಳಿ ಎಲ್ಲ ಕಾರುಗಳಲ್ಲೂ ಗುಂಡಿಯ ಸುತ್ತಲೇ ಇರುವುದಿಲ್ಲ; ಕೆಲವದರಲ್ಲಿ ಲೋಟ ಇಡುವ ಗುಳಿಯಲ್ಲಿ, ಕೆಲವದರಲ್ಲಿ ಸ್ಟಿಯರಿಂಗ್ ಕಂಬದ ಮೇಲೆ, ಕೆಲವದರಲ್ಲಿ ಅದಕ್ಕೆಂದೇ ಮಾಡಿದ ಗೂಡಿನಲ್ಲಿರುತ್ತದೆ. ಕಾರಿನ ಕೈಪಿಡಿಯಲ್ಲಿ ಆ ಸ್ಥಳವನ್ನು ಸೂಚಿಸಿರುತ್ತಾರೆ. ಕೀಲಿಕೈಯ ಯಾವ ಮುಖವನ್ನು ತಾಗಿಸಬೇಕೆಂಬುದನ್ನೂ ಹೇಳಿರುತ್ತಾರೆ. ಅದಕ್ಕೆ ಕಾರಣವಿದೆ: ಎರಡು ಸುರುಳಿಗಳ ಅಕ್ಷಗಳು ಒಂದಕ್ಕೊಂದು ಲಂಬವಾದರೆ ಕಾಂತಪ್ರವಾಹ ಹಾಯುವುದೇ ಇಲ್ಲ. ಜೊತೆಯಲ್ಲಿರುವ ಬೀರುವಿನ, ಮನೆಯ ಬೀಗದ ಕೈಗಳ ಗೊಂಚಲನ್ನು ಬಿಡಿಸಿಡಬೇಕು. ಆ ಲೋಹದಲ್ಲಿ ಹುಟ್ಟುವ ಸುಳಿಪ್ರವಾಹಗಳು ಶ್ರುತಿಯನ್ನು ಕೆಡಿಸುತ್ತವೆ. ಬ್ರೇಕನ್ನೋ ಕ್ಲಚ್ಚನ್ನೋ ತುಳಿಯುವುದನ್ನು ಮರೆಯಬಾರದು. ಒಮ್ಮೆ ಚಾಲೂ ಆದ ಎಂಜಿನ್ ಮತ್ತೆ ಕೀಲಿಕೈಯನ್ನು ಕಾಣದಿದ್ದರೂ ನಡುದಾರಿಯಲ್ಲಿ ನಿಲ್ಲುವುದಿಲ್ಲ, ಎಚ್ಚರಿಕೆಯನ್ನಷ್ಟೆ ಕೊಡುತ್ತದೆ. ಹಾಗೆ ನಿಂತರೆ ಆಗುವ ಅನಾಹುತವನ್ನು ಊಹಿಸಬಹುದು.

ಹಳೆಯ ಕೋಶವನ್ನು ಬದಲಿಸಿದವರು ಅದನ್ನು ಮೇಜಿನ ಮೇಲೆ ಬಿಟ್ಟು ಮರೆಯುವುದು ಸಾಮಾನ್ಯ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದು ಮಾರಕವಾಗಬಹುದು. ನಾನು ಅಳೆದ ‘ಸತ್ತ’ ಕೋಶದಲ್ಲಿ ೨.೮ ವೋಲ್ಟು ಇತ್ತಲ್ಲವೆ? ನೀರನ್ನು ವಿದ್ಯುದ್ವಿಭಜನೆ ಮಾಡಲು ೧.೨೩ ವೋಲ್ಟಿಗಿಂತ ತುಸು ಹೆಚ್ಚಿದ್ದರೆ ಸಾಕು. ಮಗು ನುಂಗಿದ ಕೋಶ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅದರ ಋಣಧ್ರುವದ ಬಳಿ ತೀಕ್ಷ್ಣವಾದ ಕ್ಷಾರ ಉತ್ಪತ್ತಿಯಾಗಿ ಎರಡು ಗಂಟೆಗಳೊಳಗೆ ಮಾಂಸವನ್ನು ಸುಟ್ಟುಬಿಡಬಲ್ಲದು. ಮಗು ನುಂಗಿದೆಯೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ತೆಗೆದ ಕೋಶದ ಎರಡೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ, ಕೈಗೆಟುಕದಂತೆ ಇಟ್ಟು, ವಿದ್ಯುನ್ಮಾನ ಕಸವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಅಂದು ರಾತ್ರಿ ಒಂಬತ್ತೂವರೆಗೆ ಮಂಗಳೂರು ಸೇರಿದೆವು. ಶಸ್ತ್ರಚಿಕಿತ್ಸೆ ಹೊತ್ತಿಗೆ ಸರಿಯಾಗಿ ನಡೆಯಿತು. ಆ ಕೋಶವನ್ನು ನಾನು ಹಿಂದಿರುಗಿಸಲಿಲ್ಲ. ಪ್ರಯೋಗಾಲಯದ ಬೀಗ ಹಾಕಿದ ಸೆಳೆಖಾನೆಯಲ್ಲಿಟ್ಟು, ಆಂತರಿಕ ರೋಧದ ಪಾಠ ಬಂದಾಗ ವಿದ್ಯಾರ್ಥಿಗಳ ಕೈಗೆ ಕೊಡುತ್ತೇನೆ. ಅವರು ಮೊದಲು ವೋಲ್ಟ್‌ಮೀಟರನ್ನು ನೋಡಿ “ಚೆನ್ನಾಗಿದೆ ಸಾರ್” ಎನ್ನುತ್ತಾರೆ. ಆಮೇಲೆ ನಾನು ೧೦೦ ಓಮಿನ ರೋಧವನ್ನು ಕೊಡುತ್ತೇನೆ.